ಫಂಕ್ಷನ್ ರಿಟರ್ನ್ ಮೌಲ್ಯ ಮತ್ತು ಎರರ್ ನಿರ್ವಹಣೆ

ಪ್ರೋಗ್ರಾಮಿಂಗ್ ಭಾಷೆಯ ವಿನ್ಯಾಸದಲ್ಲಿ ರಿಟರ್ನ್ ಮೌಲ್ಯ ಮತ್ತು ಎರರ್ ನಿರ್ವಹಣೆ ಎಂದರೆ, ಒಂದು ಫಂಕ್ಷನ್ ತನ್ನ ಕೆಲಸದ ಫಲವನ್ನು, ಕೆಲಸ ಆಗದಿದ್ದಾಗ ಆಗಲಿಲ್ಲವೆಂಬ ಸಂಗತಿಯನ್ನು, ತನ್ನನ್ನು ಕರೆದ ಕಡೆಗೆ ಹೇಗೆ ತಲುಪಿಸಬೇಕೆಂದು ಗೊತ್ತುಮಾಡುವ ನಿಯಮಗಳ ಕಟ್ಟು. ಕಡತ ತೆರೆಯಲು ಹೋದ ಫಂಕ್ಷನ್‌ಗೆ ಆ ಹೆಸರಿನ ಕಡತವೇ ಸಿಗದಿರಬಹುದು. ಸಂಖ್ಯೆಯನ್ನು ಓದಬೇಕಾದ ಫಂಕ್ಷನ್‌ಗೆ ಅಂಕಿಯೇ ಇಲ್ಲದ ಸಾಲು ಬರಬಹುದು. ನೆಟ್‌ವರ್ಕಿನ ಆಚೆಯ ಯಂತ್ರ ಉತ್ತರಿಸದೆ ಹೋಗಬಹುದು. ಆಗ ಏನನ್ನು ಮರಳಿಸಬೇಕು, ಅದನ್ನು ಯಾರು ಪರೀಕ್ಷಿಸಬೇಕು ಎಂಬುದನ್ನು ಎಲ್ಲ ಭಾಷೆಗಳೂ ಒಂದಲ್ಲ ಒಂದು ರೀತಿಯಲ್ಲಿ ನಿರ್ಧರಿಸುತ್ತವೆ. ಪರೀಕ್ಷಿಸದೆ ಮುಂದುವರಿಯಲು ಪ್ರೋಗ್ರಾಮರ್‌ಗೆ ಅವಕಾಶ ಇರಬೇಕೇ ಎಂಬ ವಿಷಯದಲ್ಲಿ ಮಾತ್ರ ಅವು ತೀವ್ರವಾಗಿ ಭಿನ್ನವಾಗುತ್ತವೆ. ಕಳೆದ ಎಪ್ಪತ್ತು ವರ್ಷಗಳಲ್ಲಿ ಈ ಕ್ಷೇತ್ರದಲ್ಲಿ ಆದ ಬೆಳವಣಿಗೆಯ ಮುಖ್ಯ ಧಾರೆ ಇದೇ: ವೈಫಲ್ಯದ ಸಾಧ್ಯತೆ ಪ್ರೋಗ್ರಾಮರನ ನೆನಪಿನಿಂದ, ಕೈಪಿಡಿಯ ಪುಟಗಳಿಂದ ಹೊರಬಂದು ಫಂಕ್ಷನ್ನಿನ ಟೈಪ್‌ನಲ್ಲೇ ನಮೂದಾಗುವುದು.

ಪರಿಭಾಷೆ

ಈ ಲೇಖನದಲ್ಲಿ ಎರರ್ ಎಂದರೆ, ಸರಿಯಾಗಿ ಬರೆದ ಪ್ರೋಗ್ರಾಮಿಗೂ ಹೊರಗಿನ ಪರಿಸ್ಥಿತಿಯಿಂದ ಎದುರಾಗುವ ವೈಫಲ್ಯ. ಡಿಸ್ಕ್ ತುಂಬಿರುವುದು, ಸಂಪರ್ಕ ಕಡಿಯುವುದು, ಬಳಕೆದಾರ ತಪ್ಪು ದಿನಾಂಕ ಕೊಡುವುದು ಇದರಲ್ಲಿ ಸೇರುತ್ತವೆ. ಬಗ್ ಎಂದರೆ ಪ್ರೋಗ್ರಾಮನ್ನು ಬರೆದವರ ತಪ್ಪು. ಹತ್ತು ಅಂಶಗಳ ಪಟ್ಟಿಯಲ್ಲಿ ಹನ್ನೊಂದನೆಯದನ್ನು ಕೇಳುವುದು ಇದಕ್ಕೆ ಉದಾಹರಣೆ. ಎರರ್ ಬಂದಾಗ ಪ್ರೋಗ್ರಾಂ ಚೇತರಿಸಿಕೊಂಡು ಮುಂದುವರಿಯಬೇಕೆಂಬ ನಿರೀಕ್ಷೆ ಇರುತ್ತದೆ. ಬಗ್ ಕಂಡಾಗ ನಿಲ್ಲುವುದೇ ಸಾಮಾನ್ಯವಾಗಿ ಕ್ಷೇಮ. ಎರಡರ ನಡುವಿನ ಗಡಿ ಮಾತ್ರ ಸಂದರ್ಭವನ್ನು ಅವಲಂಬಿಸಿದೆ. ನಿಘಂಟಿನಲ್ಲಿ ಕೇಳಿದ ಕೀಲಿಪದ ಇಲ್ಲದಿರುವುದು ಒಂದೆಡೆ ದಿನನಿತ್ಯದ ಉತ್ತರ, ಇನ್ನೊಂದೆಡೆ ಎರರ್, ಮತ್ತೊಂದೆಡೆ ಬಗ್. ಗ್ರಂಥಾಲಯ ಬರೆಯುವವರಿಗೆ ಆ ಸಂದರ್ಭ ತಿಳಿದಿರುವುದಿಲ್ಲ. ವಿನ್ಯಾಸದ ಕಷ್ಟಗಳಲ್ಲಿ ಬಹುಪಾಲು ಹುಟ್ಟುವುದು ಇಲ್ಲಿಂದಲೇ.

ಕರೆಯುವ ಫಂಕ್ಷನ್, ಕರೆಸಿಕೊಂಡ ಫಂಕ್ಷನ್ ಎಂಬ ಪದಗಳನ್ನು ಕರೆಯ ಎರಡು ತುದಿಗಳಿಗೆ ಬಳಸಲಾಗಿದೆ. ಎಕ್ಸೆಪ್ಷನ್ ಎಂದರೆ ಸಾಮಾನ್ಯ ರಿಟರ್ನ್ ದಾರಿಯನ್ನು ಬಿಟ್ಟು, ಅದನ್ನು ಹಿಡಿಯಲು ಸಿದ್ಧವಿರುವ ಹ್ಯಾಂಡ್ಲರ್ ಸಿಗುವವರೆಗೆ ಕರೆಗಳ ಸ್ಟ್ಯಾಕ್‌ನಲ್ಲಿ ಹಿಂದಕ್ಕೆ ಸಾಗುವ ವೈಫಲ್ಯ ಸೂಚನೆ.

ಹುಟ್ಟು ಮತ್ತು ಬೆಳವಣಿಗೆ

1949ರಲ್ಲಿ ಕೇಂಬ್ರಿಜ್‌ನಲ್ಲಿ ಕೆಲಸ ಆರಂಭಿಸಿದ ಎಡ್ಸಾಕ್ ಗಣಕದಲ್ಲಿ ಸಬ್‌ರೂಟೀನ್‌ನಿಂದ ಮರಳಲು ಪ್ರತ್ಯೇಕ ಆದೇಶವೇ ಇರಲಿಲ್ಲ. ಡೇವಿಡ್ ವೀಲರ್ ರೂಪಿಸಿದ ವಿಧಾನದಲ್ಲಿ ಕರೆಯುವ ಭಾಗ ತಾನಿರುವ ಜಾಗದ ಗುರುತನ್ನು ಅಕ್ಯುಮುಲೇಟರಿನಲ್ಲಿ ಬಿಟ್ಟು ಜಿಗಿಯುತ್ತಿತ್ತು. ಸಬ್‌ರೂಟೀನ್ ಆ ಗುರುತಿನಿಂದ ಮರಳುವ ಆದೇಶವೊಂದನ್ನು ಕಟ್ಟಿ ತನ್ನ ಕೊನೆಯಲ್ಲಿ ತಾನೇ ಬರೆದುಕೊಳ್ಳುತ್ತಿತ್ತು. 1958ರ ಫೋರ್ಟ್ರಾನ್ 2 ಫಂಕ್ಷನ್ ಮತ್ತು ಸಬ್‌ರೂಟೀನ್‌ಗಳನ್ನು ಭಾಷೆಯ ಅಂಗವಾಗಿಸಿತು. ಆಲ್ಗಾಲ್ 60ರಲ್ಲಿ ಫಂಕ್ಷನ್ ತನ್ನ ಹೆಸರಿಗೇ ಮೌಲ್ಯ ಕೊಟ್ಟುಕೊಳ್ಳುವುದರ ಮೂಲಕ ಫಲವನ್ನು ಮರಳಿಸುತ್ತಿತ್ತು. ವೈಫಲ್ಯಕ್ಕೆಂದೇ ಮೀಸಲಾದ ದಾರಿ ಈ ಭಾಷೆಗಳಲ್ಲಿ ಇರಲಿಲ್ಲ. ಫೋರ್ಟ್ರಾನ್ 77 ಪ್ರಮಾಣದಲ್ಲಿ ಸಬ್‌ರೂಟೀನ್ ಬೇರೊಂದು ಸಾಲಿಗೆ ಮರಳುವ ಪರ್ಯಾಯ ರಿಟರ್ನ್ ಇತ್ತು. ಕರೆಯುವ ಕಡೆ ಸಾಲಿನ ಸಂಖ್ಯೆಗಳನ್ನು ಕೊಟ್ಟಿರುತ್ತಿತ್ತು, ಸಬ್‌ರೂಟೀನ್ ಅವುಗಳಲ್ಲಿ ಒಂದನ್ನು ಆಯ್ಕೆಮಾಡುತ್ತಿತ್ತು.

ವೈಫಲ್ಯಕ್ಕೆ ಭಾಷೆಯಲ್ಲೇ ವಿಸ್ತಾರವಾದ ಸ್ಥಾನ ಕೊಟ್ಟ ಮೊದಲ ದೊಡ್ಡ ಭಾಷೆ 1960ರ ದಶಕದ ಮಧ್ಯದಲ್ಲಿ ಐಬಿಎಂ ರೂಪಿಸಿದ ಪಿಎಲ್/1. ಶೂನ್ಯದಿಂದ ಭಾಗಾಕಾರ, ಕಡತದ ಅಂತ್ಯ ಮುಂತಾದ ಸ್ಥಿತಿಗಳಿಗೆ ಅದರಲ್ಲಿ ‘ಆನ್’ ಘಟಕಗಳನ್ನು ನೋಂದಾಯಿಸಬಹುದಿತ್ತು. ಪ್ರೋಗ್ರಾಂ ನಡೆಯುತ್ತಿರುವಾಗ ಕೊನೆಯದಾಗಿ ನೋಂದಾಯಿಸಿದ ಘಟಕವೇ ಜಾರಿಯಲ್ಲಿರುತ್ತಿದ್ದುದರಿಂದ, ಯಾವ ಸಾಲಿಗೆ ಯಾವ ಹ್ಯಾಂಡ್ಲರ್ ಅನ್ವಯಿಸುತ್ತದೆ ಎಂದು ಬರಹವನ್ನು ಓದಿ ಹೇಳುವುದು ಕಷ್ಟವಾಗಿತ್ತು. 1975ರಲ್ಲಿ ಜಾನ್ ಗುಡೆನಫ್ ಪ್ರಕಟಿಸಿದ ಪ್ರಬಂಧ ಎಕ್ಸೆಪ್ಷನ್‌ಗಳ ಬಗೆಗಳನ್ನು ವಿಂಗಡಿಸಿ, ಫಂಕ್ಷನ್ ಎಸೆಯಬಹುದಾದ ಎಕ್ಸೆಪ್ಷನ್‌ಗಳೂ ಅದರ ಬಾಹ್ಯ ರೂಪದ ಭಾಗವೇ ಎಂದು ಪರಿಗಣಿಸಿತು.

ಅದೇ ದಶಕದಲ್ಲಿ ಎಂಐಟಿಯಲ್ಲಿ ಬಾರ್ಬರಾ ಲಿಸ್ಕೊವ್ ಅವರ ತಂಡ ರಚಿಸಿದ ಸಿಎಲ್‌ಯು ಭಾಷೆ ಇಂದಿನ ವಿನ್ಯಾಸಗಳಿಗೆ ಬಹು ಹತ್ತಿರವಾದುದು. ಒಂದು ಪ್ರೊಸೀಜರ್ ಯಾವ ಯಾವ ಎಕ್ಸೆಪ್ಷನ್‌ಗಳನ್ನು ಸೂಚಿಸಬಹುದೆಂದು ಅದರ ಶೀರ್ಷಿಕೆಯಲ್ಲೇ ಬರೆಯಬೇಕಿತ್ತು. ಎಕ್ಸೆಪ್ಷನ್ ಒಂದೇ ಹಂತ ಮೇಲಕ್ಕೆ, ಅಂದರೆ ನೇರವಾಗಿ ಕರೆದ ಪ್ರೊಸೀಜರ್‌ಗೆ ಮಾತ್ರ ಹೋಗುತ್ತಿತ್ತು. ಅಲ್ಲಿ ಯಾರೂ ಹಿಡಿಯದಿದ್ದರೆ ‘ಫೇಲ್ಯೂರ್’ ಎಂಬ ಸಾಮಾನ್ಯ ಎಕ್ಸೆಪ್ಷನ್ ಆಗಿ ಬದಲಾಗುತ್ತಿತ್ತು. ಎಡಿನ್‌ಬರೊದಲ್ಲಿ ರಾಬಿನ್ ಮಿಲ್ನರ್ ಮತ್ತು ಸಂಗಡಿಗರು ಪ್ರಮೇಯ ಸಾಧನೆಯ ವ್ಯವಸ್ಥೆಗಾಗಿ ಕಟ್ಟಿದ ಎಂಎಲ್ ಭಾಷೆಗೆ ವೈಫಲ್ಯವನ್ನು ಹಿಡಿಯುವ ಸೌಕರ್ಯ ಆರಂಭದಲ್ಲೇ ಬೇಕಾಗಿತ್ತು. ಸಾಧನೆಯ ಒಂದು ತಂತ್ರ ಫಲಿಸದಿದ್ದರೆ ಇನ್ನೊಂದನ್ನು ಪ್ರಯತ್ನಿಸುವುದು ಅಲ್ಲಿನ ದಿನನಿತ್ಯದ ಕೆಲಸ. ಎಡಾ (1983), ಸಿ++, ಜಾವಾ ಭಾಷೆಗಳ ಮೂಲಕ ಎಕ್ಸೆಪ್ಷನ್ ಮುಖ್ಯವಾಹಿನಿಗೆ ಬಂತು. ಯುನಿಕ್ಸ್ ಮತ್ತು ಸಿ ಭಾಷೆಯ ಪರಂಪರೆ ಮಾತ್ರ ಸಾಮಾನ್ಯ ರಿಟರ್ನ್ ಮೌಲ್ಯದೊಳಗೇ ಎರರನ್ನು ಸೇರಿಸುವ ಹಾದಿಯಲ್ಲಿ ಉಳಿಯಿತು. ಇಂದಿನ ಗೋ, ರಸ್ಟ್, ಜಿಗ್ ಭಾಷೆಗಳು ಮರಳಿದ್ದು ಈ ಎರಡನೆಯ ಹಾದಿಗೆ. ಮರಳುವಾಗ ಅದರ ಹಳೆಯ ಕೊರತೆಗಳನ್ನು ತುಂಬಿಕೊಂಡು ಬಂದವು.

ಯಂತ್ರದ ಹಂತದಲ್ಲಿ ರಿಟರ್ನ್

ಪ್ರೊಸೆಸರಿನ ಮಟ್ಟದಲ್ಲಿ ರಿಟರ್ನ್ ಮೌಲ್ಯ ಎಂದರೆ ನಿಶ್ಚಿತ ರಿಜಿಸ್ಟರಿನಲ್ಲಿ ಬಿಟ್ಟುಹೋದ ಬಿಟ್‌ಗಳು. 64 ಬಿಟ್ ಇಂಟೆಲ್ ಮಾದರಿಯ ಯಂತ್ರಗಳಲ್ಲಿ ಲಿನಕ್ಸ್ ಅನುಸರಿಸುವ ಒಪ್ಪಂದದಂತೆ ಪೂರ್ಣಾಂಕ ಫಲ ಒಂದು ಗೊತ್ತಾದ ರಿಜಿಸ್ಟರಿನಲ್ಲಿ, ಅದರ ಎರಡನೆಯ ಭಾಗವಿದ್ದರೆ ಇನ್ನೊಂದರಲ್ಲಿ ಬರುತ್ತದೆ. ಅದಕ್ಕಿಂತ ದೊಡ್ಡ ರಚನೆಗಳಿಗೆ ಕರೆಯುವ ಫಂಕ್ಷನ್ ಮೊದಲೇ ಜಾಗ ಮಾಡಿ, ಅದರ ವಿಳಾಸವನ್ನು ಮರೆಯ ಆರ್ಗ್ಯುಮೆಂಟ್ ಆಗಿ ಕಳುಹಿಸುತ್ತದೆ. ಆ ಬಿಟ್‌ಗಳಲ್ಲಿ ಯಾವುದು ಉತ್ತರ, ಯಾವುದು ವೈಫಲ್ಯ ಎಂಬ ಭೇದ ಯಂತ್ರಕ್ಕೆ ಇಲ್ಲ. ಲಿನಕ್ಸ್ ಕರ್ನೆಲ್ ಸಿಸ್ಟಂ ಕರೆಯ ಫಲವಾಗಿ -4095ರಿಂದ -1ರವರೆಗಿನ ಮೌಲ್ಯ ಮರಳಿಸಿದರೆ ಅದು ಎರರ್ ಸಂಖ್ಯೆ ಎಂಬುದು ಕರ್ನೆಲ್ ಮತ್ತು ಗ್ರಂಥಾಲಯದ ನಡುವಿನ ಒಪ್ಪಂದ ಮಾತ್ರ. ಆ ಭೇದವನ್ನು ಕಾಯುವ ಹೊಣೆ ಭಾಷೆಯದು, ಅಥವಾ ಭಾಷೆ ಕೈಬಿಟ್ಟರೆ ಪ್ರೋಗ್ರಾಮರ್‌ದು.

ವಿಧಾನಗಳು

ಸೂಚಕ ಮೌಲ್ಯ. ಫಂಕ್ಷನ್ ಮರಳಿಸಬಹುದಾದ ಮೌಲ್ಯಗಳ ಪೈಕಿ ಒಂದನ್ನು ‘ಆಗಲಿಲ್ಲ’ ಎಂಬುದಕ್ಕೆ ಮೀಸಲಿಡುವುದು ಎಲ್ಲಕ್ಕಿಂತ ಹಳೆಯ ಉಪಾಯ. ಸಿ ಭಾಷೆಯಲ್ಲಿ ಮೆಮೊರಿ ಕೇಳುವ ಫಂಕ್ಷನ್ ವಿಫಲವಾದರೆ ನಲ್ ಪಾಯಿಂಟರ್ ಕೊಡುತ್ತದೆ. ಯುನಿಕ್ಸ್‌ನಲ್ಲಿ ಕಡತ ತೆರೆಯುವ ಕರೆ -1 ಕೊಡುತ್ತದೆ. ಕಾರಣವನ್ನು ತಿಳಿಯಲು ‘ಎರ್‌ನೊ’ ಎಂಬ ಪ್ರತ್ಯೇಕ ಚರವನ್ನು ನೋಡಬೇಕು. ಇದರಲ್ಲಿ ವೆಚ್ಚ ಕಡಿಮೆ, ತಂತ್ರ ಸರಳ. ಆದರೆ ಮೀಸಲಿಟ್ಟ ಮೌಲ್ಯವೂ ಅದೇ ಟೈಪಿನದಾಗಿರುವುದರಿಂದ ಅದನ್ನು ಉತ್ತರವೆಂದೇ ಬಳಸಿದರೂ ಕಂಪೈಲರ್ ತಡೆಯುವುದಿಲ್ಲ.

ಒಂದು ಅಕ್ಷರ ಓದುವ ಸಿ ಗ್ರಂಥಾಲಯದ ‘ಗೆಟ್‌ಚಾರ್’ ಫಂಕ್ಷನ್ ಇದನ್ನು ಸ್ಪಷ್ಟವಾಗಿ ತೋರಿಸುತ್ತದೆ. ಅದು ಅಕ್ಷರ ಟೈಪನ್ನು ಮರಳಿಸದೆ ಪೂರ್ಣಾಂಕವನ್ನು ಮರಳಿಸುತ್ತದೆ. ಒಂದು ಬೈಟಿನ 256 ಮೌಲ್ಯಗಳೂ ನಿಜವಾದ ಉತ್ತರಗಳೇ ಆದ್ದರಿಂದ ‘ಕಡತ ಮುಗಿಯಿತು’ ಎಂಬುದಕ್ಕೆ ಅವುಗಳ ಹೊರಗಿನ 257ನೆಯ ಮೌಲ್ಯ ಬೇಕು. ಪ್ರೋಗ್ರಾಮರ್ ಇದನ್ನು ಮರೆತು ಫಲವನ್ನು ಅಕ್ಷರ ಚರದಲ್ಲಿ ಇಟ್ಟರೆ, ಅಕ್ಷರ ಟೈಪಿಗೆ ಋಣ ಚಿಹ್ನೆ ಇರುವ ಯಂತ್ರದಲ್ಲಿ 255 ಎಂಬ ಬೈಟ್ ಬಂದೊಡನೆ ಕಡತ ಮುಗಿಯಿತೆಂದು ಲೂಪ್ ನಿಲ್ಲುತ್ತದೆ. ಋಣ ಚಿಹ್ನೆ ಇಲ್ಲದ ಯಂತ್ರದಲ್ಲಿ ಲೂಪ್ ಎಂದೂ ನಿಲ್ಲುವುದಿಲ್ಲ. ಒಂದೇ ಸಾಲು, ಎರಡು ಯಂತ್ರಗಳಲ್ಲಿ ಎರಡು ಬಗೆಯ ತಪ್ಪು.

ಅಕ್ಷರಗಳನ್ನು ಸಂಖ್ಯೆಯಾಗಿಸುವ ‘ಎಟಾಯ್’ ಫಂಕ್ಷನ್ ಅಂಕಿಯಿಲ್ಲದ ಸಾಲಿಗೆ 0 ಕೊಡುತ್ತದೆ, ‘0’ ಎಂದೇ ಬರೆದ ಸಾಲಿಗೂ 0 ಕೊಡುತ್ತದೆ. ಇದಕ್ಕೆ ಪರಿಹಾರವಾಗಿ ಬಂದ ‘ಎಸ್‌ಟಿಆರ್‌ಟಾಲ್’ ಅನ್ನು ಸರಿಯಾಗಿ ಬಳಸಲು, ಕರೆಯುವ ಮೊದಲು ಎರ್‌ನೊ ಚರವನ್ನು ಶೂನ್ಯ ಮಾಡಬೇಕು, ಏಕೆಂದರೆ ಪ್ರಮಾಣಿತ ಗ್ರಂಥಾಲಯದ ಯಾವ ಫಂಕ್ಷನ್ನೂ ಅದನ್ನು ಶೂನ್ಯಕ್ಕೆ ಮರಳಿಸುವುದಿಲ್ಲ. ಕರೆದ ಮೇಲೆ ಓದು ಎಲ್ಲಿ ನಿಂತಿತೆಂದು ತೋರಿಸುವ ಪಾಯಿಂಟರನ್ನು ನೋಡಬೇಕು. ಮೌಲ್ಯ ಗರಿಷ್ಠ ಅಥವಾ ಕನಿಷ್ಠ ಮಿತಿಯಲ್ಲಿದ್ದರೆ ಎರ್‌ನೊವನ್ನು ಮತ್ತೆ ನೋಡಬೇಕು. ಇಷ್ಟು ಎಚ್ಚರವನ್ನು ಪ್ರತಿ ಕರೆಯಲ್ಲೂ ನಿರೀಕ್ಷಿಸುವುದು ವಿನ್ಯಾಸದ ಕೊರತೆಯೇ ಹೊರತು ಬಳಸುವವರ ಆಲಸ್ಯವಲ್ಲ.

ನಲ್ ಪಾಯಿಂಟರ್ ಈ ವರ್ಗದ ಅತ್ಯಂತ ವ್ಯಾಪಕವಾದ ಸದಸ್ಯ. 1965ರಲ್ಲಿ ಆಲ್ಗಾಲ್ ಡಬ್ಲ್ಯೂ ಭಾಷೆಗೆ ನಲ್ ರೆಫರೆನ್ಸನ್ನು ಸೇರಿಸಿದ ಟೋನಿ ಹೋರ್, 2009ರಲ್ಲಿ ಅದನ್ನು ತಮ್ಮ ನೂರು ಕೋಟಿ ಡಾಲರಿನ ತಪ್ಪು ಎಂದು ಕರೆದರು.

ಹಲವು ಮೌಲ್ಯಗಳ ರಿಟರ್ನ್. ಉತ್ತರವನ್ನೂ ಎರರನ್ನೂ ಬೇರೆಬೇರೆ ಸ್ಥಾನಗಳಲ್ಲಿ ಒಟ್ಟಿಗೆ ಮರಳಿಸಿದರೆ ಮೀಸಲು ಮೌಲ್ಯ ಬೇಕಾಗುವುದಿಲ್ಲ. 2009ರಲ್ಲಿ ಪ್ರಕಟವಾದ ಗೂಗಲ್‌ನ ಗೋ ಭಾಷೆ ಇದನ್ನೇ ತನ್ನ ಮುಖ್ಯ ಪದ್ಧತಿಯಾಗಿಸಿಕೊಂಡಿದೆ. ಕರೆಯ ಮರುಸಾಲಿನಲ್ಲೇ ‘ಎರರ್ ನಿಲ್ ಅಲ್ಲದಿದ್ದರೆ’ ಎಂಬ ಪರೀಕ್ಷೆ ಬರುವುದು ಆ ಭಾಷೆಯ ಬರಹದ ಗುರುತೇ ಆಗಿದೆ. ಓದುವವರಿಗೆ ವೈಫಲ್ಯದ ದಾರಿ ಪ್ರತಿ ಹೆಜ್ಜೆಯಲ್ಲೂ ಕಣ್ಣೆದುರಿಗೇ ಇರುತ್ತದೆ, ಅಷ್ಟೇ ಪ್ರಮಾಣದಲ್ಲಿ ಬರಹ ಉದ್ದವಾಗುತ್ತದೆ.

ಈ ಪದ್ಧತಿಯಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಉತ್ತರ ಉಂಟು ಅಥವಾ ಇಲ್ಲ, ಎರರ್ ಉಂಟು ಅಥವಾ ಇಲ್ಲ ಎಂಬ ಎರಡೆರಡು ಸಾಧ್ಯತೆಗಳು ಸೇರಿ ನಾಲ್ಕು ಸ್ಥಿತಿಗಳಾಗುತ್ತವೆ, ಬೇಕಾಗಿರುವುದು ಎರಡೇ. ಹೆಚ್ಚಿನ ಎರಡು ಸ್ಥಿತಿಗಳು ಬರುವುದಿಲ್ಲ ಎಂಬುದಕ್ಕೆ ರೂಢಿಯ ಭರವಸೆ ಇದೆಯೇ ಹೊರತು ಟೈಪಿನ ಭರವಸೆ ಇಲ್ಲ. ಗೋ ಗ್ರಂಥಾಲಯದ ‘ರೀಡರ್’ ಇಂಟರ್‌ಫೇಸ್ ಇದನ್ನು ಉದ್ದೇಶಪೂರ್ವಕವಾಗಿಯೇ ಬಳಸುತ್ತದೆ. ಓದುವ ಫಂಕ್ಷನ್ ಕೆಲವು ಬೈಟ್‌ಗಳನ್ನೂ ‘ಕಡತ ಮುಗಿಯಿತು’ ಎಂಬ ಸೂಚನೆಯನ್ನೂ ಒಂದೇ ಕರೆಯಲ್ಲಿ ಮರಳಿಸಬಹುದು. ಎರರನ್ನು ಮೊದಲು ನೋಡಿ ಹೊರಬಿದ್ದವರು ಕೊನೆಯ ತುಣುಕನ್ನು ಕಳೆದುಕೊಳ್ಳುತ್ತಾರೆ.

ಎಕ್ಸೆಪ್ಷನ್. ಎಕ್ಸೆಪ್ಷನ್ ಇರುವ ಭಾಷೆಯಲ್ಲಿ ರಿಟರ್ನ್ ಮೌಲ್ಯ ಎಂದರೆ ಯಶಸ್ಸಿನ ಫಲ ಮಾತ್ರ. ವೈಫಲ್ಯವನ್ನು ಎಸೆಯಲಾಗುತ್ತದೆ, ನಡುವಿನ ಫಂಕ್ಷನ್‌ಗಳು ಅದರ ಬಗ್ಗೆ ಏನನ್ನೂ ಬರೆಯಬೇಕಿಲ್ಲ, ಯಾವುದೋ ಮೇಲಿನ ಹಂತದ ಹ್ಯಾಂಡ್ಲರ್ ಅದನ್ನು ಹಿಡಿಯುತ್ತದೆ. ಯಾರೂ ಹಿಡಿಯದಿದ್ದರೆ ಪ್ರೋಗ್ರಾಂ ಸದ್ದಿಲ್ಲದೆ ಮುಂದೆ ಹೋಗುವ ಬದಲು ನಿಲ್ಲುತ್ತದೆ. ಸೂಚಕ ಮೌಲ್ಯಕ್ಕಿಂತ ಇದರ ದೊಡ್ಡ ಮೇಲುಗೈ ಇದು. ಸಿ++ನ ಕನ್‌ಸ್ಟ್ರಕ್ಟರ್‌ಗಳಂತೆ ಮರಳಿಸಲು ಮೌಲ್ಯವೇ ಇಲ್ಲದ ಕಡೆ ವೈಫಲ್ಯ ತಿಳಿಸುವ ಸಹಜ ದಾರಿಯೂ ಇದೇ.

ಬೆಲೆ ತೆರಬೇಕಾಗುವುದು ಓದುವಾಗ. ಒಂದು ಕರೆಯ ಸಾಲನ್ನು ನೋಡಿ, ನಿಯಂತ್ರಣ ಅಲ್ಲಿಂದಲೇ ಹೊರಗೆ ಜಿಗಿಯಬಹುದೇ ಎಂದು ಹೇಳಲಾಗುವುದಿಲ್ಲ. ಜಾವಾ (1996) ಇದಕ್ಕೆ ಪರಿಶೀಲಿತ ಎಕ್ಸೆಪ್ಷನ್ ಎಂಬ ಪರಿಹಾರ ತಂದಿತು. ಅದರ ಪ್ರಕಾರ ಕೆಲವು ವರ್ಗದ ಎಕ್ಸೆಪ್ಷನ್‌ಗಳನ್ನು ಮೆಥಡ್ ಹಿಡಿಯಬೇಕು, ಇಲ್ಲವೇ ‘ಥ್ರೋಸ್’ ಎಂದು ಶೀರ್ಷಿಕೆಯಲ್ಲಿ ಘೋಷಿಸಬೇಕು. ಎರಡನ್ನೂ ಮಾಡದಿದ್ದರೆ ಕಂಪೈಲರ್ ಒಪ್ಪುವುದಿಲ್ಲ. ಬಗ್‌ಗಳನ್ನು ಸೂಚಿಸುವ ರನ್‌ಟೈಮ್ ಎಕ್ಸೆಪ್ಷನ್‌ಗಳಿಗೆ ಈ ನಿಯಮದಿಂದ ವಿನಾಯಿತಿ ಇದೆ. ತತ್ವ ಸರಿಯಾಗಿದ್ದರೂ ಆಚರಣೆಯಲ್ಲಿ ತೊಡಕು ಬಂತು. ತಳದ ಒಂದು ಮೆಥಡ್ ಹೊಸ ಎಕ್ಸೆಪ್ಷನ್ ಘೋಷಿಸಿದರೆ ಅದನ್ನು ಬಳಸುವ ಎಲ್ಲ ಪದರಗಳ ಶೀರ್ಷಿಕೆಗಳೂ ಬದಲಾಗಬೇಕು. ಆ ಒತ್ತಡದಿಂದ ತಪ್ಪಿಸಿಕೊಳ್ಳಲು ಬರೆದ ಖಾಲಿ ಹ್ಯಾಂಡ್ಲರ್‌ಗಳು ವೈಫಲ್ಯವನ್ನು ನುಂಗಿಬಿಡುತ್ತವೆ. 2014ರ ಜಾವಾ 8ರಲ್ಲಿ ಲ್ಯಾಂಬ್ಡಾಗಳು ಬಂದಾಗ ತೊಡಕು ಹೆಚ್ಚಿತು, ಏಕೆಂದರೆ ಅವುಗಳಿಗಾಗಿ ಕೊಟ್ಟ ಪ್ರಮಾಣಿತ ಇಂಟರ್‌ಫೇಸ್‌ಗಳು ಪರಿಶೀಲಿತ ಎಕ್ಸೆಪ್ಷನ್‌ಗಳನ್ನು ಘೋಷಿಸುವುದಿಲ್ಲ. ಸಿ# ಮತ್ತು ಕಾಟ್ಲಿನ್ ಭಾಷೆಗಳು ಪರಿಶೀಲಿತ ಎಕ್ಸೆಪ್ಷನ್ ಬೇಡವೆಂದು ನಿರ್ಧರಿಸಿದವು. ಸಿ++ನಲ್ಲಿ ಫಂಕ್ಷನ್ ಎಸೆಯಬಹುದಾದ ಟೈಪ್‌ಗಳ ಪಟ್ಟಿ ಬರೆಯುವ ಸೌಕರ್ಯವನ್ನು 2011ರ ಪ್ರಮಾಣ ಬಳಕೆಗೆ ಸಲ್ಲದೆಂದು ಗುರುತಿಸಿ, 2017ರದು ತೆಗೆದೇಹಾಕಿತು. ‘ಏನನ್ನೂ ಎಸೆಯುವುದಿಲ್ಲ’ ಎಂಬ ಒಂದೇ ಘೋಷಣೆ ಉಳಿಯಿತು.

ಪೈಥಾನ್‌ನಲ್ಲಿ ಎಕ್ಸೆಪ್ಷನ್ ಅಪರೂಪದ ಘಟನೆಗಷ್ಟೇ ಮೀಸಲಲ್ಲ. ಲೂಪ್ ಮುಗಿಯಿತೆಂಬ ಸೂಚನೆಯನ್ನೂ ಅಲ್ಲಿ ಎಕ್ಸೆಪ್ಷನ್ ಮೂಲಕವೇ ಕಳುಹಿಸಲಾಗುತ್ತದೆ. ಅದರ ಸ್ಟ್ರಿಂಗ್ ಟೈಪಿನಲ್ಲಿ ಒಂದೇ ಕೆಲಸಕ್ಕೆ ಎರಡು ಮೆಥಡ್‌ಗಳಿವೆ. ‘ಫೈಂಡ್’ ಹುಡುಕಿದ್ದು ಸಿಗದಿದ್ದರೆ -1 ಕೊಡುತ್ತದೆ, ‘ಇಂಡೆಕ್ಸ್’ ಎಕ್ಸೆಪ್ಷನ್ ಎಸೆಯುತ್ತದೆ. ಪೈಥಾನ್‌ನಲ್ಲಿ -1 ಎಂದರೆ ಕೊನೆಯ ಅಂಶದ ಸ್ಥಾನ ಎಂಬ ಅರ್ಥವೂ ಇರುವುದರಿಂದ, ಫೈಂಡ್‌ನ ಫಲವನ್ನು ಪರೀಕ್ಷಿಸದೆ ಬಳಸಿದರೆ ಪ್ರೋಗ್ರಾಂ ನಿಲ್ಲದೆ ತಪ್ಪು ಅಕ್ಷರವನ್ನು ಎತ್ತಿಕೊಡುತ್ತದೆ.

ರಿಸಲ್ಟ್ ಟೈಪ್. ಉತ್ತರ ಅಥವಾ ಎರರ್, ಎರಡರಲ್ಲಿ ಒಂದು ಮಾತ್ರ ಇರಲು ಸಾಧ್ಯವಾಗುವಂತೆ ಕಟ್ಟಿದ ಟೈಪನ್ನು ಮರಳಿಸುವುದು ನಾಲ್ಕನೆಯ ವಿಧಾನ. ಎಂಎಲ್ ಕುಟುಂಬದ ‘ಆಪ್ಷನ್’, ಹ್ಯಾಸ್ಕೆಲ್‌ನ ‘ಮೇಬಿ’ ಮತ್ತು ‘ಈದರ್’, ರಸ್ಟ್‌ನ ‘ಆಪ್ಷನ್’ ಮತ್ತು ‘ರಿಸಲ್ಟ್’ ಈ ಬಗೆಯವು. ರಿಸಲ್ಟ್ ಮೌಲ್ಯ ಉತ್ತರವಲ್ಲ, ಉತ್ತರವನ್ನು ಒಳಗೊಂಡಿರಬಹುದಾದ ಹೊದಿಕೆ. ಅದನ್ನು ಬಿಡಿಸದೆ ಒಳಗಿನ ಮೌಲ್ಯ ಸಿಗುವುದಿಲ್ಲ, ಬಿಡಿಸುವ ಸಾಲಿನಲ್ಲೇ ಎರರ್ ಇದ್ದರೆ ಏನು ಮಾಡಬೇಕೆಂದು ಹೇಳಲೇಬೇಕಾಗುತ್ತದೆ. ಮೊದಲ ಪರಿಚ್ಛೇದದಲ್ಲಿ ಹೇಳಿದ ಅವಕಾಶದ ಪ್ರಶ್ನೆಗೆ ಈ ವಿಧಾನದ ಉತ್ತರ ನೇರವಾಗಿದೆ: ನೋಡದೆ ಮುಂದುವರಿಯುವುದಾದರೆ ಅದನ್ನೂ ಬರೆದೇ ಮುಂದುವರಿಯಬೇಕು.

ಪ್ರತಿ ಕರೆಯಲ್ಲೂ ಬಿಡಿಸಿ ನೋಡುವ ಶ್ರಮವನ್ನು ಇಳಿಸಲು ಹ್ಯಾಸ್ಕೆಲ್‌ನಲ್ಲಿ ಮೊನಾಡ್ ಮತ್ತು ‘ಡು’ ಬರಹಕ್ರಮ ಇದೆ. ರಸ್ಟ್‌ನಲ್ಲಿ 2016ರ 1.13 ಆವೃತ್ತಿಯಿಂದ ಕರೆಯ ಕೊನೆಗೆ ಹಚ್ಚುವ ? ಚಿಹ್ನೆ ಇದೆ. ಉತ್ತರವಿದ್ದರೆ ಅದು ಹೊದಿಕೆಯಿಂದ ಹೊರತೆಗೆದು ಕೊಡುತ್ತದೆ. ಎರರ್ ಇದ್ದರೆ ಅದನ್ನು ಕರೆಯುವ ಫಂಕ್ಷನ್ನಿನ ಎರರ್ ಟೈಪಿಗೆ ಪರಿವರ್ತಿಸಿ ಆ ಫಂಕ್ಷನ್ನಿನಿಂದಲೇ ಮರಳಿಸುತ್ತದೆ. ಎಕ್ಸೆಪ್ಷನ್ನಿನ ಅನುಕೂಲ ಇದರಲ್ಲಿ ಬಹುಪಾಲು ಸಿಗುತ್ತದೆ, ಆದರೆ ಹೊರಗೆ ಜಿಗಿಯುವ ಪ್ರತಿ ಬಿಂದುವೂ ಒಂದು ಚಿಹ್ನೆಯಿಂದ ಗುರುತಾಗಿರುತ್ತದೆ. ಸ್ವಿಫ್ಟ್ 2.0 (2015) ಹೊರನೋಟಕ್ಕೆ ಎಕ್ಸೆಪ್ಷನ್ನಿನ ಪದಗಳನ್ನೇ ಬಳಸಿದರೂ, ಎಸೆಯಬಲ್ಲ ಪ್ರತಿ ಕರೆಯ ಮುಂದೆ ‘ಟ್ರೈ’ ಬರೆಯಬೇಕೆಂದು ವಿಧಿಸಿ ಇದೇ ಗುಣವನ್ನು ಪಡೆಯಿತು. ಜಿಗ್ ಭಾಷೆಯಲ್ಲಿ ಎರರ್‌ಗಳದೇ ಒಂದು ಗಣ ಟೈಪಿನ ಭಾಗವಾಗಿದ್ದು, ಎರರ್ ಇರಬಹುದಾದ ಫಲವನ್ನು ಕಡೆಗಣಿಸಿದರೆ ಪ್ರೋಗ್ರಾಂ ಕಂಪೈಲ್ ಆಗುವುದಿಲ್ಲ.

ಈ ವಿಧಾನದ ಸಮಸ್ಯೆ ಎರರ್ ಟೈಪ್‌ಗಳ ಹೊಂದಾಣಿಕೆ. ಮೂರು ಗ್ರಂಥಾಲಯಗಳನ್ನು ಕರೆಯುವ ಫಂಕ್ಷನ್‌ಗೆ ಮೂರು ಬಗೆಯ ಎರರ್‌ಗಳು ಬರುತ್ತವೆ. ಅವನ್ನು ಒಟ್ಟುಗೂಡಿಸುವ ನಾಲ್ಕನೆಯ ಟೈಪನ್ನು ಯಾರಾದರೂ ಬರೆಯಬೇಕು. ‘ಅನ್‌ರ‍್ಯಾಪ್’ ಎಂಬ ಮೆಥಡ್ ಮೂಲಕ ಎರರನ್ನು ಬಗ್ ಎಂದು ಪರಿಗಣಿಸಿ ಪ್ರೋಗ್ರಾಮನ್ನು ನಿಲ್ಲಿಸುವ ಅಡ್ಡದಾರಿಯೂ ರಸ್ಟ್‌ನಲ್ಲಿದೆ, ಆತುರದಲ್ಲಿ ಅದರ ಬಳಕೆ ಹೆಚ್ಚುತ್ತದೆ.

ನಿಂತಲ್ಲಿಂದ ಮುಂದುವರಿಕೆ. ಎಕ್ಸೆಪ್ಷನ್ ಎದ್ದ ಬಿಂದುವಿಗೇ ಮರಳಿ, ತಿದ್ದಿದ ಮೌಲ್ಯದೊಂದಿಗೆ ಮುಂದುವರಿಯಲು ಬಿಡುವ ಭಾಷೆಗಳೂ ಇವೆ. ಜೆರಾಕ್ಸ್ ಪಾರ್ಕ್‌ನ ಮೆಸಾ ಇದಕ್ಕೆ ಅವಕಾಶ ಕೊಟ್ಟಿತ್ತು. ಸಿ++ಗೆ ಎಕ್ಸೆಪ್ಷನ್ ರೂಪಿಸುವಾಗ ಮೆಸಾದ ಅನುಭವವನ್ನು ಕೇಳಲಾಯಿತು. ಐದು ಲಕ್ಷ ಸಾಲುಗಳ ವ್ಯವಸ್ಥೆಯೊಂದರಲ್ಲಿ ಹತ್ತು ವರ್ಷಗಳ ಬಳಕೆಯ ನಂತರ ಇಂಥ ಮುಂದುವರಿಕೆ ಒಂದೇ ಕಡೆ ಉಳಿದಿತ್ತೆಂದೂ ಅದೂ ಅನಗತ್ಯವಾಗಿತ್ತೆಂದೂ ತಿಳಿದುಬಂದು, ಸಿ++ ಅದನ್ನು ಬಿಟ್ಟಿತು. ಕಾಮನ್ ಲಿಸ್ಪ್‌ನ ಕಂಡಿಷನ್ ವ್ಯವಸ್ಥೆಯಲ್ಲಿ ಮಾತ್ರ ಇದು ಸಮೃದ್ಧವಾಗಿ ಬೆಳೆದಿದೆ. ಅಲ್ಲಿ ತಳದ ಫಂಕ್ಷನ್ ಚೇತರಿಕೆಯ ಹಲವು ದಾರಿಗಳನ್ನು ಹೆಸರಿಟ್ಟು ಒದಗಿಸುತ್ತದೆ, ಯಾವುದನ್ನು ಹಿಡಿಯಬೇಕೆಂದು ಮೇಲಿನ ಹ್ಯಾಂಡ್ಲರ್ ಆರಿಸುತ್ತದೆ. 2022ರ ಡಿಸೆಂಬರ್‌ನಲ್ಲಿ ಬಂದ ಓಕ್ಯಾಮಲ್ 5.0ರ ಎಫೆಕ್ಟ್ ಹ್ಯಾಂಡ್ಲರ್‌ಗಳು ಇದೇ ಕಲ್ಪನೆಯನ್ನು ಇನ್ನಷ್ಟು ಸಾಮಾನ್ಯೀಕರಿಸಿವೆ.

ಕುಸಿಯಲು ಬಿಡುವುದು. ಎರಿಕ್ಸನ್ ಕಂಪನಿಯಲ್ಲಿ 1980ರ ದಶಕದಲ್ಲಿ ದೂರವಾಣಿ ವಿನಿಮಯ ಕೇಂದ್ರಗಳಿಗಾಗಿ ರೂಪುಗೊಂಡ ಎರ್ಲಾಂಗ್ ಭಾಷೆಯಲ್ಲಿ ನಿರೀಕ್ಷಿತ ವೈಫಲ್ಯಗಳಿಗೆ ‘ಓಕೆ’ ಅಥವಾ ‘ಎರರ್’ ಎಂಬ ಗುರುತು ಹೊತ್ತ ಜೋಡಿಗಳನ್ನು ಮರಳಿಸುತ್ತಾರೆ. ಉಳಿದ ವೈಫಲ್ಯಗಳಲ್ಲಿ ಆ ಪುಟ್ಟ ಪ್ರೊಸೆಸ್ ಸಾಯಲು ಬಿಡುತ್ತಾರೆ. ಅದನ್ನು ಗಮನಿಸುತ್ತಿರುವ ಮೇಲ್ವಿಚಾರಕ ಪ್ರೊಸೆಸ್ ಹೊಸದನ್ನು ಆರಂಭಿಸುತ್ತದೆ. ಪ್ರೊಸೆಸ್‌ಗಳು ಮೆಮೊರಿಯನ್ನು ಹಂಚಿಕೊಳ್ಳದಿರುವುದರಿಂದಲೇ ಇದು ಸಾಧ್ಯ.

ಸಂಪನ್ಮೂಲಗಳ ಬಿಡುಗಡೆ

ಫಂಕ್ಷನ್ನಿನಿಂದ ಹೊರಬೀಳುವ ದಾರಿಗಳು ಹೆಚ್ಚಾದಷ್ಟೂ, ತೆರೆದ ಕಡತವನ್ನು ಮುಚ್ಚುವ, ಹಾಕಿದ ಲಾಕ್ ತೆಗೆಯುವ ಕೆಲಸ ಯಾವುದಾದರೂ ಒಂದು ದಾರಿಯಲ್ಲಿ ತಪ್ಪಿಹೋಗುವ ಸಂಭವ ಹೆಚ್ಚು. ಜಾವಾ ಮತ್ತು ಪೈಥಾನ್‌ನ ‘ಫೈನಲಿ’ ಹೇಗೆ ಹೊರಬಿದ್ದರೂ ನಡೆಯುತ್ತದೆ. ಸಿ++ ಮತ್ತು ರಸ್ಟ್‌ನಲ್ಲಿ ವಸ್ತುವಿನ ವ್ಯಾಪ್ತಿ ಮುಗಿದಾಗ ಅದರ ಡಿಸ್ಟ್ರಕ್ಟರ್ ತಾನಾಗಿ ನಡೆದು ಬಿಡುಗಡೆ ಮಾಡುತ್ತದೆ, ಬರೆಯುವವರ ನೆನಪನ್ನು ಅವಲಂಬಿಸದ ಕಾರಣ ಇದು ಹೆಚ್ಚು ಭದ್ರ. ಗೋ ಭಾಷೆಯ ‘ಡಿಫರ್’ ಫಂಕ್ಷನ್ ಮುಗಿಯುವಾಗ ನಡೆಯಬೇಕಾದ ಕರೆಯನ್ನು ಮೊದಲೇ ಬರೆದಿಡುತ್ತದೆ. ಜಿಗ್‌ನಲ್ಲಿ ಎರರ್ ಬಂದು ಹೊರಬಿದ್ದಾಗ ಮಾತ್ರ ನಡೆಯುವ ‘ಎರ್‌ಡಿಫರ್’ ಕೂಡ ಇದೆ. ಅರ್ಧ ಕಟ್ಟಿದ ರಚನೆಯನ್ನು ಕೆಡವಲು ಅದು ನೇರವಾಗಿ ಒದಗುತ್ತದೆ.

ವೆಚ್ಚ

ರಿಟರ್ನ್ ಮೌಲ್ಯದ ಪದ್ಧತಿಗಳಲ್ಲಿ ಪ್ರತಿ ಕರೆಯ ನಂತರ ಒಂದು ಹೋಲಿಕೆ ಮತ್ತು ಕವಲು ಬರುತ್ತದೆ. ಯಶಸ್ಸಿನಲ್ಲಾಗಲಿ ವೈಫಲ್ಯದಲ್ಲಾಗಲಿ ವೆಚ್ಚ ಒಂದೇ, ಅಲ್ಪ. ಇಂದಿನ ಸಿ++ ಕಂಪೈಲರ್‌ಗಳು ಎಕ್ಸೆಪ್ಷನ್‌ಗಳಿಗೆ ಕೋಷ್ಟಕ ಪದ್ಧತಿಯನ್ನು ಅನುಸರಿಸುತ್ತವೆ. ಯಾವ ವಿಳಾಸದಲ್ಲಿ ಎಕ್ಸೆಪ್ಷನ್ ಎದ್ದರೆ ಏನು ಮಾಡಬೇಕೆಂಬ ಕೋಷ್ಟಕವನ್ನು ಪ್ರೋಗ್ರಾಮಿನ ಜೊತೆಗೆ ಇಟ್ಟಿರುತ್ತವೆ. ಎಕ್ಸೆಪ್ಷನ್ ಏಳದಿದ್ದರೆ ಯಾವ ಆದೇಶವೂ ಹೆಚ್ಚುವರಿಯಾಗಿ ನಡೆಯುವುದಿಲ್ಲ. ಎದ್ದರೆ ಸ್ಟ್ಯಾಕನ್ನು ಹಂತ ಹಂತವಾಗಿ ಬಿಚ್ಚಿ ಕೋಷ್ಟಕ ಹುಡುಕಬೇಕಾಗಿ, ಸಾಧಾರಣ ರಿಟರ್ನ್‌ಗಿಂತ ಬಹುಪಟ್ಟು ಸಮಯ ಹಿಡಿಯುತ್ತದೆ. ಅದೆಷ್ಟು ಎಂದು ಮೊದಲೇ ಹೇಳುವುದೂ ಕಷ್ಟ. ಕಾಲಮಿತಿ ಬಿಗಿಯಾಗಿರುವ ವ್ಯವಸ್ಥೆಗಳಲ್ಲಿ ಇದನ್ನು ನಿಷೇಧಿಸುವುದಕ್ಕೆ ಈ ಅನಿಶ್ಚಿತತೆಯೇ ಕಾರಣ. ರಸ್ಟ್ ಕಂಪೈಲರ್ ರೆಫರೆನ್ಸ್‌ನ ‘ಆಪ್ಷನ್’ ಟೈಪಿಗೆ ಹೆಚ್ಚುವರಿ ಜಾಗ ಬಳಸುವುದಿಲ್ಲ. ಶೂನ್ಯ ವಿಳಾಸ ಅಲ್ಲಿ ಎಂದೂ ನಿಜವಾದ ಮೌಲ್ಯವಲ್ಲದ ಕಾರಣ ‘ಇಲ್ಲ’ ಎಂಬುದನ್ನು ಅದರಿಂದಲೇ ಸೂಚಿಸುತ್ತದೆ. ಯಂತ್ರದಲ್ಲಿ ಹಳೆಯ ನಲ್ ಪಾಯಿಂಟರೇ ಇದ್ದರೂ ಟೈಪಿನಲ್ಲಿ ಅದರ ಅಪಾಯ ಇಲ್ಲ.

ದಾಖಲಾದ ಪ್ರಕರಣಗಳು

1996ರ ಜೂನ್ 4ರಂದು ಫ್ರೆಂಚ್ ಗಯಾನಾದ ಕೂರೂನಿಂದ ಹಾರಿದ ಏರಿಯನ್ 5 ರಾಕೆಟ್ ಸುಮಾರು 40 ಸೆಕೆಂಡುಗಳಲ್ಲಿ ನಾಶವಾಯಿತು. ಎಡಾ ಭಾಷೆಯಲ್ಲಿ ಬರೆದ ಜಡತ್ವ ಮಾರ್ಗದರ್ಶಕ ಘಟಕದ ತಂತ್ರಾಂಶದಲ್ಲಿ 64 ಬಿಟ್ ದಶಮಾಂಶ ಸಂಖ್ಯೆಯೊಂದನ್ನು 16 ಬಿಟ್ ಪೂರ್ಣಾಂಕವಾಗಿಸುವಾಗ ಮಿತಿ ಮೀರಿ ಎಕ್ಸೆಪ್ಷನ್ ಎದ್ದಿತು. ಇಂಥ ಅಪಾಯವಿದ್ದ ಏಳು ಚರಗಳಲ್ಲಿ ನಾಲ್ಕಕ್ಕೆ ರಕ್ಷಣೆ ಇತ್ತು. ಪ್ರೊಸೆಸರಿನ ಹೊರೆಯನ್ನು ಮಿತಿಯಲ್ಲಿಡಲು ಮೂರನ್ನು ಹಾಗೆಯೇ ಬಿಡಲಾಗಿತ್ತು. ಎಕ್ಸೆಪ್ಷನ್ ಎದ್ದರೆ ಪ್ರೊಸೆಸರ್ ನಿಲ್ಲಬೇಕೆಂಬುದು ವ್ಯವಸ್ಥೆಯ ನಿಯಮ. ಅದೇ ತಂತ್ರಾಂಶ ಹೊತ್ತ ಬದಲಿ ಘಟಕ ಅದೇ ಕಾರಣಕ್ಕೆ ಅದಾಗಲೇ ನಿಂತಿತ್ತು. ನಿಂತ ಘಟಕ ಕಳುಹಿಸಿದ ದೋಷ ವರದಿಯ ಬಿಟ್‌ಗಳನ್ನು ಮುಖ್ಯ ಗಣಕ ಹಾರಾಟದ ಮಾಹಿತಿಯೆಂದೇ ಓದಿ ನಳಿಕೆಗಳನ್ನು ತಿರುಗಿಸಿತು. ಈ ಅವಘಡವನ್ನು ಸಾಮಾನ್ಯವಾಗಿ ಸಂಖ್ಯಾ ಪರಿವರ್ತನೆಯ ತಪ್ಪೆಂದು ಉಲ್ಲೇಖಿಸುತ್ತಾರೆ. ಎರರನ್ನು ಉತ್ತರದ ದಾರಿಯಲ್ಲೇ, ಉತ್ತರದಿಂದ ಬೇರ್ಪಡಿಸಲಾಗದ ರೂಪದಲ್ಲಿ ಕಳುಹಿಸಿದ್ದೂ ಅಷ್ಟೇ ಮುಖ್ಯ. ಎಡಾ ಎಕ್ಸೆಪ್ಷನ್ ಇರುವ ಭಾಷೆ. ಎರಡು ಯಂತ್ರಗಳ ನಡುವಿನ ತಂತಿಯಲ್ಲಿ ಮಾತ್ರ ಸೂಚಕ ಮೌಲ್ಯದ ಹಳೆಯ ಸಮಸ್ಯೆ ಹಾಗೆಯೇ ಉಳಿದಿತ್ತು.

ಓಪನ್ಎಸ್ಎಸ್ಎಲ್ ಗ್ರಂಥಾಲಯದಲ್ಲಿ ಸಹಿಯನ್ನು ಪರಿಶೀಲಿಸುವ ಫಂಕ್ಷನ್ ಸಹಿ ಸರಿಯಿದ್ದರೆ 1, ತಪ್ಪಿದ್ದರೆ 0, ಪರಿಶೀಲನೆಯೇ ಸಾಧ್ಯವಾಗದಿದ್ದರೆ -1 ಮರಳಿಸುತ್ತಿತ್ತು. ಅದನ್ನು ಕರೆಯುವ ಕೆಲವು ಕಡೆ ಫಲ ಶೂನ್ಯವೇ ಎಂದಷ್ಟೇ ನೋಡಲಾಗಿತ್ತು. ಸಿ ಭಾಷೆಯಲ್ಲಿ ಶೂನ್ಯವಲ್ಲದ್ದೆಲ್ಲ ನಿಜ. ಹೀಗಾಗಿ ಬೇಕೆಂದೇ ಕೆಡಿಸಿದ ಸಹಿ ಒಪ್ಪಿತವಾಗಬಹುದಿತ್ತು. 2009ರ ಜನವರಿಯಲ್ಲಿ ಇದನ್ನು ಸರಿಪಡಿಸಲಾಯಿತು. 2014ರ ಫೆಬ್ರುವರಿಯಲ್ಲಿ ಆಪಲ್ ತಿದ್ದಿದ ದೋಷದಲ್ಲಿ, ವೈಫಲ್ಯದ ಭಾಗಕ್ಕೆ ಜಿಗಿಯುವ ಸಾಲು ತಪ್ಪಿ ಎರಡು ಬಾರಿ ಬರೆಯಲ್ಪಟ್ಟಿತ್ತು. ಎರಡನೆಯದು ಯಾವ ಷರತ್ತೂ ಇಲ್ಲದೆ ನಡೆಯುತ್ತಿತ್ತು. ಆ ಹೊತ್ತಿಗೆ ಎರರ್ ಚರದಲ್ಲಿ ಹಿಂದಿನ ಯಶಸ್ವಿ ಹೆಜ್ಜೆಯ ಶೂನ್ಯವೇ ಇದ್ದುದರಿಂದ, ಸರ್ವರ್‌ನ ಸಹಿಯನ್ನು ನೋಡದೆಯೇ ಫಂಕ್ಷನ್ ‘ಎಲ್ಲ ಸರಿ’ ಎಂದು ಮರಳಿಸುತ್ತಿತ್ತು.

ಎಕ್ಸೆಪ್ಷನ್ ಇರುವ ಭಾಷೆಗಳೂ ಇದರಿಂದ ಹೊರತಲ್ಲ. ಟೊರೊಂಟೊ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ಕಸಾಂಡ್ರಾ, ಎಚ್‌ಬೇಸ್ ಮುಂತಾದ ಐದು ವಿತರಿತ ವ್ಯವಸ್ಥೆಗಳ 198 ವೈಫಲ್ಯಗಳನ್ನು ಅಧ್ಯಯನ ಮಾಡಿದರು. ಇಡೀ ವ್ಯವಸ್ಥೆಯನ್ನೇ ಕೆಡವಿದ ಪ್ರಕರಣಗಳ ಪೈಕಿ 92% ಪ್ರಕರಣಗಳಲ್ಲಿ, ಮಾರಕವಲ್ಲದ, ತಂತ್ರಾಂಶದಲ್ಲಿ ಸ್ಪಷ್ಟವಾಗಿಯೇ ಸೂಚಿತವಾಗಿದ್ದ ಎರರನ್ನು ಸರಿಯಾಗಿ ನಿರ್ವಹಿಸದಿದ್ದುದು ಕಾರಣವಾಗಿತ್ತು. ಖಾಲಿ ಹ್ಯಾಂಡ್ಲರ್‌ಗಳು, ‘ಮುಂದೆ ಮಾಡಬೇಕು’ ಎಂಬ ಟಿಪ್ಪಣಿ ಮಾತ್ರ ಇದ್ದ ಹ್ಯಾಂಡ್ಲರ್‌ಗಳು ಅವುಗಳಲ್ಲಿದ್ದವು.

ಬಳಕೆಯ ಕ್ರಮಗಳು

ಭಾಷೆ ಒಂದೇ ವಿಧಾನಕ್ಕೆ ಒತ್ತುಕೊಟ್ಟರೂ ಗ್ರಂಥಾಲಯಗಳು ಎರಡು ಮೂರನ್ನು ಬೆರೆಸುತ್ತವೆ. ಡಾಟ್‌ನೆಟ್‌ನಲ್ಲಿ ಸಂಖ್ಯೆ ಓದುವ ‘ಪಾರ್ಸ್’ ಎಕ್ಸೆಪ್ಷನ್ ಎಸೆಯುತ್ತದೆ. ‘ಟ್ರೈಪಾರ್ಸ್’ ಆಯಿತೇ ಇಲ್ಲವೇ ಎಂದು ಮರಳಿಸಿ ಸಂಖ್ಯೆಯನ್ನು ಬೇರೆ ಆರ್ಗ್ಯುಮೆಂಟಿನಲ್ಲಿ ಕೊಡುತ್ತದೆ. ಬಳಕೆದಾರ ಟೈಪ್ ಮಾಡಿದ್ದನ್ನು ಓದುವಾಗ ಎರಡನೆಯದು, ತಾನೇ ಬರೆದ ಕಡತವನ್ನು ಓದುವಾಗ ಮೊದಲನೆಯದು ಒಪ್ಪುತ್ತದೆ. ಗೋ ಮತ್ತು ರಸ್ಟ್‌ಗಳಲ್ಲಿ ಎರರನ್ನು ರಿಟರ್ನ್ ಮೌಲ್ಯದಿಂದ, ಬಗ್ಗನ್ನು ‘ಪ್ಯಾನಿಕ್’ ಮೂಲಕ ತಿಳಿಸುವ ವಿಭಜನೆ ರೂಢಿಯಾಗಿದೆ. ಗೂಗಲ್‌ನ ಸಿ++ ಶೈಲಿ ಕೈಪಿಡಿ ಎಕ್ಸೆಪ್ಷನ್ ಬಳಸಬಾರದೆಂದು ಹೇಳುತ್ತದೆ, ಹಿಂದೆ ಬರೆದ ಅಪಾರ ಪ್ರಮಾಣದ ತಂತ್ರಾಂಶ ಅದಕ್ಕೆ ಸಿದ್ಧವಾಗಿಲ್ಲ ಎಂಬುದು ಅಲ್ಲಿ ಕೊಟ್ಟಿರುವ ಮುಖ್ಯ ಕಾರಣ. ಯುನಿಕ್ಸ್ ಶೆಲ್‌ನಲ್ಲಿ ಪ್ರತಿ ಆಜ್ಞೆಯೂ 0ಯಿಂದ 255ರವರೆಗಿನ ನಿರ್ಗಮನ ಸಂಖ್ಯೆ ಮರಳಿಸುತ್ತದೆ, ಶೂನ್ಯ ಎಂದರೆ ಯಶಸ್ಸು.

ಎರರ್‌ನಲ್ಲಿ ಏನಿರಬೇಕೆಂಬುದು ಇನ್ನೊಂದು ಪ್ರಶ್ನೆ. ಪ್ರೋಗ್ರಾಂ ನಿರ್ಧಾರ ತೆಗೆದುಕೊಳ್ಳಲು ಎರರಿನ ಬಗೆ ಬೇಕು, ಮನುಷ್ಯರು ಅರ್ಥಮಾಡಿಕೊಳ್ಳಲು ಸಂದೇಶ ಬೇಕು. ಸಂದೇಶದ ಪದಗಳನ್ನು ಹೋಲಿಸಿ ಬಗೆಯನ್ನು ಗುರುತಿಸುವ ಬರಹ ಮುಂದಿನ ಆವೃತ್ತಿಯಲ್ಲಿ ಮುರಿಯುತ್ತದೆ. 2019ರ ಗೋ 1.13 ಒಂದು ಎರರಿನೊಳಗೆ ಇನ್ನೊಂದನ್ನು ಸುತ್ತಿಟ್ಟು, ಮೂಲ ಕಾರಣವನ್ನು ಬಗೆಯಿಂದ ಹುಡುಕುವ ಸೌಕರ್ಯ ಕೊಟ್ಟಿತು.

ಅಸಿಂಕ್ರೊನಸ್ ಕರೆಗಳಲ್ಲಿ ಕರೆಯುವ ಫಂಕ್ಷನ್ ಮುಗಿದ ಮೇಲೆ ಫಲ ಬರುವುದರಿಂದ, ಎಸೆದ ಎಕ್ಸೆಪ್ಷನ್ ತಲುಪಬೇಕಾದ ಸ್ಟ್ಯಾಕ್ ಆ ವೇಳೆಗೆ ಇರುವುದೇ ಇಲ್ಲ. ನೋಡ್ ಜೆಎಸ್ ಮೊದಲು ಕಾಲ್‌ಬ್ಯಾಕ್ ಫಂಕ್ಷನ್ನಿನ ಮೊದಲ ಆರ್ಗ್ಯುಮೆಂಟನ್ನು ಎರರ್‌ಗೆ ಮೀಸಲಿಟ್ಟಿತ್ತು. 2015ರ ಜಾವಾಸ್ಕ್ರಿಪ್ಟ್ ಪ್ರಮಾಣದ ಪ್ರಾಮಿಸ್ ಈ ಫಲ ಮತ್ತು ಎರರ್‌ಗಳನ್ನು ಒಂದೇ ಮೌಲ್ಯವಾಗಿಸಿತು. ಯಾರೂ ಹಿಡಿಯದ ಪ್ರಾಮಿಸ್ ಎರರ್ ಬಹುಕಾಲ ಎಚ್ಚರಿಕೆಯಾಗಿಯಷ್ಟೇ ಉಳಿದು, 2020ರ ನೋಡ್ 15ರಿಂದ ಪ್ರೋಗ್ರಾಮನ್ನು ನಿಲ್ಲಿಸುವಂತಾಯಿತು. ಹಲವು ಕೆಲಸಗಳು ಒಟ್ಟಿಗೆ ನಡೆದು ಹಲವು ಒಟ್ಟಿಗೆ ವಿಫಲವಾಗುವ ಸಂದರ್ಭಕ್ಕೆ 2022ರ ಪೈಥಾನ್ 3.11 ಎಕ್ಸೆಪ್ಷನ್ ಗುಂಪುಗಳನ್ನು ಸೇರಿಸಿತು.

ಇಂದಿನ ಸ್ಥಿತಿ

ಹಳೆಯ ಭಾಷೆಗಳು ರಿಸಲ್ಟ್ ಟೈಪಿನ ಕಡೆಗೆ ಸರಿಯುತ್ತಿವೆ. ಸಿ++ 2017ರಲ್ಲಿ ‘ಆಪ್ಷನಲ್’, 2023ರಲ್ಲಿ ‘ಎಕ್ಸ್‌ಪೆಕ್ಟೆಡ್’ ಟೈಪ್‌ಗಳನ್ನು ಪ್ರಮಾಣಿತ ಗ್ರಂಥಾಲಯಕ್ಕೆ ಸೇರಿಸಿತು. ರಿಟರ್ನ್ ಮೌಲ್ಯವನ್ನು ಕಡೆಗಣಿಸಿದರೆ ಎಚ್ಚರಿಸುವಂತೆ ಫಂಕ್ಷನ್‌ಗೆ ಗುರುತು ಹಾಕುವ ಸೌಕರ್ಯ ಸಿ++ಗೆ 2017ರಲ್ಲಿ, ಸಿ ಭಾಷೆಗೆ ಸಿ23 ಪ್ರಮಾಣದಲ್ಲಿ ಬಂತು. ಸ್ವಿಫ್ಟ್ 6 (2024) ಎಸೆಯುವ ಎರರಿನ ಟೈಪನ್ನು ಶೀರ್ಷಿಕೆಯಲ್ಲಿ ಹೇಳಲು ಅವಕಾಶ ಕೊಟ್ಟಿದೆ, ಕಡ್ಡಾಯ ಮಾಡಿಲ್ಲ.

ಗೋ ಭಾಷೆಯಲ್ಲಿ ಪರೀಕ್ಷೆಯ ಸಾಲುಗಳನ್ನು ಚಿಕ್ಕದಾಗಿಸಲು 2018ರಲ್ಲಿ ‘ಚೆಕ್’ ಮತ್ತು ‘ಹ್ಯಾಂಡಲ್’, 2019ರಲ್ಲಿ ‘ಟ್ರೈ’ ಎಂಬ ಪ್ರಸ್ತಾವಗಳು ಬಂದು ಒಪ್ಪಿಗೆ ಪಡೆಯಲಿಲ್ಲ. ನಿಯಂತ್ರಣ ಹೊರಗೆ ಜಿಗಿಯುವುದನ್ನು ಸಾಮಾನ್ಯ ಕರೆಯಂತೆ ಕಾಣುವ ‘ಟ್ರೈ’ ಮರೆಮಾಡುತ್ತದೆ ಎಂಬುದು ಪ್ರಬಲ ಆಕ್ಷೇಪವಾಗಿತ್ತು. 2025ರ ಜೂನ್‌ನಲ್ಲಿ ಗೋ ತಂಡ ಎರರ್ ನಿರ್ವಹಣೆಗೆ ಹೊಸ ಬರಹಕ್ರಮ ತರುವ ಯತ್ನವನ್ನು ಸದ್ಯಕ್ಕೆ ನಿಲ್ಲಿಸುವುದಾಗಿ ಪ್ರಕಟಿಸಿತು. ‘ಎರರ್ ನಿಲ್ ಅಲ್ಲದಿದ್ದರೆ’ ಎಂಬ ಪರೀಕ್ಷೆಯೇ ಆ ಭಾಷೆಯಲ್ಲಿ ಮುಂದುವರಿದಿದೆ.